ವೃಷಭಾವತಿಯನ್ನು ದಿಣ್ಣೆಯಿಂದ ಶುರುಮಾಡಿ ತೊಳೆಯೋಣ: ನಗರದ ನದಿಯೊಂದನ್ನು ಬದುಕಿಸುವ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿ ದಾಟುವಾಗ ಬಸ್ಸಿನಲ್ಲಿದ್ದವರು ಒಬ್ಬೊಬ್ಬರಾಗಿ ಕಿಟಕಿ ಮುಚ್ಚುತ್ತಾರೆ. ಯಾರೂ ಯಾರಿಗೂ ಹೇಳುವುದಿಲ್ಲ, ಕೈ ತಾನಾಗಿಯೇ ಹೋಗುತ್ತದೆ. ಆ ವಾಸನೆಗೆ ನಾವೆಲ್ಲ ಇಟ್ಟಿರುವ ಹೆಸರು ‘ಕೆಂಗೇರಿ ಮೋರಿ’. ಅದರ ನಿಜವಾದ ಹೆಸರು ವೃಷಭಾವತಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದ ನದಿ ಎಂದು ಹಿರಿಯರು ಹೇಳುತ್ತಾರೆ. ಇನ್ನೊಂದು ಕವಲು ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಎದುರಿನ ನಂದಿ ತೀರ್ಥದ ಕಡೆಯಿಂದ ಬರುತ್ತದೆ. ಆ ನಂದಿಯ ಕಲ್ಯಾಣಿ ಮಣ್ಣಿನಲ್ಲಿ ಮುಚ್ಚಿಹೋಗಿತ್ತು. 1997ರಲ್ಲಿ ಅಗೆದಾಗ ಮತ್ತೆ ಸಿಕ್ಕಿತು. ಗಾಳಿ ಆಂಜನೇಯನ ಗುಡಿ ಇರುವುದೂ ಈ ಹೊಳೆ ಮತ್ತು ಪಶ್ಚಿಮವಾಹಿನಿ ಸೇರುವ ಜಾಗದಲ್ಲೇ. ಗುಡಿ ಕಟ್ಟಿದವರು ಮೋರಿ ಪಕ್ಕ ಕಟ್ಟಿರಲಿಲ್ಲ, ಅಲ್ವಾ?

ನಾನು ಈ ಹೊಳೆಯ ಪಕ್ಕದಲ್ಲೇ ಬಹಳ ವರ್ಷಗಳಿಂದ ಇದ್ದೇನೆ. ಸ್ವಚ್ಛತಾ ಅಭಿಯಾನ ಎಂದು ಟೀ ಶರ್ಟ್ ಹಾಕಿಕೊಂಡು ಬಂದು, ದಡದ ಪ್ಲಾಸ್ಟಿಕ್ ಹೆಕ್ಕಿ, ಫೋಟೋ ತೆಗೆಸಿಕೊಂಡು ಹೋದವರನ್ನು ಎಷ್ಟೋ ಸಲ ನೋಡಿದ್ದೇನೆ. ನಾನೂ ಹಾಗೆ ಹೆಕ್ಕಿದ್ದೇನೆ. ಮುಂದಿನ ವಾರ ಅಷ್ಟೇ ಕಸ, ಅಷ್ಟೇ ಕಪ್ಪು ನೀರು. ಆಮೇಲೆ ಅರ್ಥವಾಯಿತು. ನದಿ ಕೆಟ್ಟಿರುವುದು ನದಿಯಲ್ಲಿ ಅಲ್ಲ, ಅದಕ್ಕೆ ನೀರು ಕೊಡುವ ಬೀದಿಗಳಲ್ಲಿ, ಮನೆಗಳಲ್ಲಿ, ಶೆಡ್ಡುಗಳಲ್ಲಿ. ರಿಪೇರಿಯೂ ಅಲ್ಲಿಂದಲೇ ಶುರುವಾಗಬೇಕು. ಅದನ್ನೇ ಜಲಾನಯನದ ಕೆಲಸ ಎನ್ನುತ್ತಾರೆ. ಇಡೀ ನದಿಗಲ್ಲದಿದ್ದರೂ ಒಂದು ಕವಲಿಗೆ, ಒಂದು ವಾರ್ಡಿಗೆ ಈ ಕೆಲಸವನ್ನು ಹೇಗೆ ಮಾಡಬಹುದು ಎಂದು ಕೆಳಗೆ ಹೇಳಿದ್ದೇನೆ. ಹೆಜ್ಜೆಗಳ ಕ್ರಮವನ್ನು ದಯವಿಟ್ಟು ತಪ್ಪಿಸಬೇಡಿ. ದುಡ್ಡು ಜಾಸ್ತಿ ಹಾಳಾಗಿರುವುದು ಕ್ರಮ ತಪ್ಪಿದ ಕಡೆಯೇ.

ಹೆಜ್ಜೆ 1: ನಿಮ್ಮ ದಿಣ್ಣೆ ಯಾವುದು ಗುರುತಿಸಿ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿದೆ. ಮಳೆ ಬಿದ್ದರೆ ನೀರು ಮುಖ್ಯವಾಗಿ ಮೂರು ಕಣಿವೆಗಳಿಗೆ ಹಂಚಿಹೋಗುತ್ತದೆ. ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ವೃಷಭಾವತಿ ಕಣಿವೆಯದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಇಳಿದು, ಮುಂದೆ ಅರ್ಕಾವತಿ ಸೇರಿ, ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ನಿಮ್ಮ ಮನೆಯ ಬಚ್ಚಲ ನೀರು ಕೊನೆಗೆ ಯಾವ ಊರಿನವರ ಹೊಲ ಸೇರುತ್ತದೆ ಎನ್ನುವುದನ್ನು ನೀವು ಇರುವ ದಿಣ್ಣೆ ತೀರ್ಮಾನಿಸುತ್ತದೆ.

ಮೊದಲು ನಕ್ಷೆ ಮಾಡಿ. ಮೂರು ಬಗೆಯ ನಕ್ಷೆ ಸಾಕು. ಒಂದು, ಸರ್ವೆ ಆಫ್ ಇಂಡಿಯಾದ ಟೋಪೊಶೀಟ್. ಅದರಲ್ಲಿ ಎತ್ತರದ ಗೆರೆಗಳಿವೆ. ಎರಡು, ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆ. ಇದೇ ಎಲ್ಲಕ್ಕಿಂತ ಮುಖ್ಯ. ಇವತ್ತು ಅಪಾರ್ಟ್‌ಮೆಂಟ್ ನಿಂತಿರುವ ಕಡೆ ಹಳ್ಳ ಇತ್ತೋ, ಕಟ್ಟೆ ಇತ್ತೋ, ಖರಾಬು ಜಮೀನಿತ್ತೋ ಎಂದು ಅದು ಹೇಳುತ್ತದೆ. ಮೂರು, ಮೊಬೈಲಿನ ದಿಶಾಂಕ್ ಆ್ಯಪ್. ನೀವು ನಿಂತ ಜಾಗದ ಸರ್ವೆ ನಂಬರನ್ನು ಇದು ಅಲ್ಲೇ ತೋರಿಸುತ್ತದೆ. ಈ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಹೊಳೆಯ ಕೈಕಾಲುಗಳು ಕಾಣತೊಡಗುತ್ತವೆ.

ನಕ್ಷೆ ಕಾಗದದ ಮೇಲೇ ಉಳಿಯಬಾರದು. ಜೋರು ಮಳೆ ನಿಂತ ತಕ್ಷಣ ಕೊಡೆ ಹಿಡಿದು ಹೊರಡಿ. ಯಾವ ರಸ್ತೆಯ ನೀರು ಯಾವ ಕಡೆ ಓಡುತ್ತಿದೆ ನೋಡಿ ಬಾಣ ಹಾಕಿ. ನಮ್ಮ ಬಡಾವಣೆಯಲ್ಲಿ ಎರಡು ಅಡ್ಡರಸ್ತೆಗಳ ನೀರು ನಕ್ಷೆಯಲ್ಲಿದ್ದ ದಿಕ್ಕಿಗೆ ಪೂರ್ತಿ ಉಲ್ಟಾ ಹರಿಯುತ್ತಿತ್ತು. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆಯ ಓಟವೇ ಬದಲಾಗಿತ್ತು. ಇದನ್ನು ಮಳೆಯಲ್ಲಿ ನಿಂತೇ ನೋಡಬೇಕು.

ಇಡೀ ಕಣಿವೆಯನ್ನು ತಬ್ಬಿಕೊಳ್ಳಲು ಹೋಗಬೇಡಿ. ಒಂದು ಕಾಲುವೆಗೆ ನೀರು ಕೊಡುವ ಕೆಲವು ಬೀದಿಗಳ ಕಿರು ಜಲಾನಯನವನ್ನು ಆರಿಸಿಕೊಳ್ಳಿ. ಒಂದು ದಿನದಲ್ಲಿ ನಡೆದು ಮುಗಿಸುವಷ್ಟು ದೊಡ್ಡದಿದ್ದರೆ ಸಾಕು.

ಹೆಜ್ಜೆ 2: ಕಾಲುವೆಯ ಉದ್ದಕ್ಕೂ ನಡೆದು ಪೈಪು ಎಣಿಸಿ

ಇಡೀ ಮಾರ್ಗದರ್ಶಿಯಲ್ಲಿ ನೀವು ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಜನವರಿಯಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಆಗ ಮಳೆ ಇಲ್ಲ. ಮಳೆನೀರಿನ ಕಾಲುವೆಯಲ್ಲಿ ಮಳೆಯೇ ಇಲ್ಲದಾಗ ಹರಿಯುತ್ತಿರುವುದು ಏನು? ಹೆಚ್ಚಿನದು ಕೊಳಚೆ, ಇಲ್ಲ ಕಾರ್ಖಾನೆ ನೀರು. ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಹೋಗಿ. ಊರೆಲ್ಲ ಸ್ನಾನ ಮಾಡುವ ಹೊತ್ತು ಅದು, ಪೈಪುಗಳು ತಾವೇ ಸಾಕ್ಷಿ ಹೇಳುತ್ತವೆ. ಕೈಗವಸು, ಗಮ್‌ಬೂಟು ಹಾಕಿಕೊಳ್ಳಿ. ಕಾಲುವೆಯೊಳಗೆ ಇಳಿಯಬೇಡಿ. ಮ್ಯಾನ್‌ಹೋಲಿಗಂತೂ ಯಾರನ್ನೂ ಇಳಿಸಬೇಡಿ. ಅದು ಜೀವ ತೆಗೆಯುತ್ತದೆ, ಮಲ ಬಾಚಿಸುವುದನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಪ್ರತಿ ಪೈಪಿಗೂ ಒಂದು ನಂಬರು ಕೊಡಿ. ಲೊಕೇಶನ್ ಇರುವ ಫೋಟೋ ತೆಗೆಯಿರಿ. ಬಣ್ಣ, ವಾಸನೆ, ಬಿಸಿ ಇದೆಯೇ ಇಲ್ಲವೇ ಬರೆದುಕೊಳ್ಳಿ. ಬೂದು ಬಣ್ಣದ ಹೊಸ ನೀರಾದರೆ ಸಾಮಾನ್ಯವಾಗಿ ಮನೆಯ ಕೊಳಚೆ. ಕೊಳೆತ ಮೊಟ್ಟೆ ವಾಸನೆಯ ಕಪ್ಪು ನೀರಾದರೆ, ಉಸಿರು ಕಟ್ಟಿ ಬಹಳ ಹೊತ್ತು ನಿಂತು ಬಂದ ಕೊಳಚೆ. ಹಳದಿ, ಹಸಿರು, ಕೆಂಪು ಕಂಡರೆ ಲೋಹಕ್ಕೆ ಲೇಪ ಹಾಕುವ ಅಥವಾ ಬಟ್ಟೆಗೆ ಬಣ್ಣ ಹಾಕುವ ಘಟಕದ ಅನುಮಾನ. ಬಿಳಿ ನೊರೆಗೆ ಮುಖ್ಯ ಕಾರಣ ನಮ್ಮದೇ ಬಟ್ಟೆ ಸೋಪು. ಆದರೆ ಬಣ್ಣ ನೋಡಿ ತೀರ್ಪು ಕೊಡಬೇಡಿ, ಅದು ಬರೀ ಸುಳಿವು.

ಎಷ್ಟು ನೀರು ಎಂದು ಅಳೆಯುವುದು ಸುಲಭ. ಕೈಗೆಟುಕುವ ಪೈಪಾದರೆ 10 ಲೀಟರ್ ಬಕೆಟ್ ಹಿಡಿಯಿರಿ. 5 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್. ಅದು ಇಡೀ ದಿನ ಹಾಗೇ ಹರಿದರೆ 1.7 ಲಕ್ಷ ಲೀಟರ್ ದಾಟುತ್ತದೆ. ಕಾಲುವೆಗಾದರೆ ನೇರವಾಗಿ ಹರಿಯುವ 10 ಮೀಟರ್ ಜಾಗ ಗುರುತಿಸಿ, ಮೇಲಿನಿಂದ ಒಂದು ಕಿತ್ತಳೆ ಸಿಪ್ಪೆ ಎಸೆಯಿರಿ. 20 ಸೆಕೆಂಡಿನಲ್ಲಿ ದಾಟಿದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ಕಾಲುವೆಯ ಅಗಲ 2 ಮೀಟರ್, ನೀರಿನ ಆಳ 0.3 ಮೀಟರ್ ಎಂದುಕೊಳ್ಳಿ. ಮೂರನ್ನೂ ಗುಣಿಸಿ. ತಳದ ನೀರು ಮೇಲಿನದಕ್ಕಿಂತ ನಿಧಾನ, ಅದಕ್ಕೆ 0.85ರಿಂದ ಮತ್ತೆ ಗುಣಿಸಿ. ಸೆಕೆಂಡಿಗೆ ಸುಮಾರು 255 ಲೀಟರ್ ಬರುತ್ತದೆ. ಅಂದರೆ ದಿನಕ್ಕೆ ಹೆಚ್ಚುಕಡಿಮೆ 2.2 ಕೋಟಿ ಲೀಟರ್. ಒಂದು ಕಿತ್ತಳೆ ಸಿಪ್ಪೆಯಿಂದ ಸಿಕ್ಕ ಲೆಕ್ಕ ಇದು. ಅಧಿಕಾರಿಗಳ ಮುಂದೆ ಇಟ್ಟಾಗ ಇದಕ್ಕೆ ಬೆಲೆ ಇದೆ.

ನಾವು ಮೊದಲ ಸಲ ಹೊರಟಾಗ ಪೈಪುಗಳು ಬೆರಳೆಣಿಕೆಯಷ್ಟು ಇರಬಹುದು ಎಂದುಕೊಂಡಿದ್ದೆವು. ಅರ್ಧ ದಾರಿ ಮುಟ್ಟುವಷ್ಟರಲ್ಲಿ ನೋಟ್‌ಬುಕ್ಕಿನ ಮೂರು ಪುಟ ತುಂಬಿತ್ತು. ಅದರಲ್ಲೊಂದು ನಮ್ಮ ಜೊತೆ ನಡೆಯುತ್ತಿದ್ದವರ ಬೀದಿಯದ್ದೇ. ಅವರು ಪಾಪ ಸುಮ್ಮನೆ ನಿಂತುಬಿಟ್ಟರು. ಅವರಿಗೆ ಗೊತ್ತೇ ಇರಲಿಲ್ಲ.

ಹೆಜ್ಜೆ 3: ನೀರಿನ ನಾಡಿ ನೋಡಿ

ಐದು ಕಡೆ ಮಾದರಿ ತೆಗೆಯಿರಿ: ಕವಲಿನ ತಲೆ, ದೊಡ್ಡ ಪೈಪು ಸೇರುವ ಮುಂಚೆ, ಸೇರಿದ ಮೇಲೆ, ಕೆರೆಗೆ ಹೋಗುವಾಗ, ಕೆರೆಯ ಕೋಡಿಯಲ್ಲಿ. ಇಷ್ಟಿದ್ದರೆ ಎಲ್ಲಿ ಕೆಟ್ಟಿತು, ಎಲ್ಲಿ ಸ್ವಲ್ಪ ಸುಧಾರಿಸಿತು ಎಂದು ಗೊತ್ತಾಗುತ್ತದೆ.

ಎರಡು ಸಂಖ್ಯೆಗಳನ್ನು ಚೆನ್ನಾಗಿ ತಿಳಿದುಕೊಳ್ಳಿ. ಡಿಒ ಎಂದರೆ ನೀರಿನಲ್ಲಿ ಕರಗಿರುವ ಆಮ್ಲಜನಕ. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಮೊದಲನೆಯದು ಜಾಸ್ತಿ ಇರಬೇಕು, ಎರಡನೆಯದು ಕಡಿಮೆ ಇರಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರನ್ನು ‘ಎ’ಯಿಂದ ‘ಇ’ವರೆಗೆ ಐದು ದರ್ಜೆ ಮಾಡಿದೆ. ಸ್ನಾನಕ್ಕೆ ಯೋಗ್ಯವಾದ ‘ಬಿ’ ದರ್ಜೆಗೆ ಲೀಟರಿಗೆ ಡಿಒ 5 ಮಿಲಿಗ್ರಾಂ ಅಥವಾ ಹೆಚ್ಚು, ಬಿಒಡಿ 3 ಅಥವಾ ಕಡಿಮೆ ಇರಬೇಕು. ಮೀನು, ಕಾಡುಜೀವಿಗಳಿಗೆ ಸಾಕಾಗುವ ‘ಡಿ’ ದರ್ಜೆಗೆ ಡಿಒ 4 ಆದರೂ ಬೇಕು, ಅಮೋನಿಯಾ 1.2 ದಾಟಬಾರದು. ನಿಮ್ಮ ಮೊದಲ ಗುರಿ ‘ಡಿ’ ಆಗಿರಲಿ. ವೃಷಭಾವತಿಯಲ್ಲಿ ನಾಳೆಯೇ ಸ್ನಾನ ಮಾಡುತ್ತೇವೆ ಎಂದು ಹೊರಟರೆ ಎರಡನೇ ವರ್ಷಕ್ಕೆ ಎಲ್ಲರೂ ಕೈಬಿಡುತ್ತಾರೆ.

ಡಿಒ, ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂಬ ಅಳತೆ), ಲವಣಾಂಶ ಇವನ್ನು ಕೈ ಮೀಟರಿನಿಂದ ದಡದಲ್ಲೇ ನೋಡಬೇಕು. ಬಾಟಲಿಯಲ್ಲಿ ಒಯ್ಯುವಷ್ಟರಲ್ಲಿ ಡಿಒ ಬದಲಾಗುತ್ತದೆ. ಬಿಒಡಿ ಮತ್ತು ಕೋಲಿಫಾರ್ಮ್ (ಮಲ ಬೆರೆತ ಸುಳಿವು ಕೊಡುವ ಬ್ಯಾಕ್ಟೀರಿಯಾ) ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿ ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಿ. ಕೈಗಾರಿಕೆಯ ಅನುಮಾನವಿದ್ದರೆ ಕ್ರೋಮಿಯಂ, ನಿಕ್ಕಲ್, ಸತು, ಸೀಸ ಸೇರಿಸಿ. ನೀರಿನಷ್ಟೇ ಹೂಳನ್ನೂ ಪರೀಕ್ಷಿಸಿ. ರಾತ್ರಿ ಬಿಟ್ಟ ವಿಷ ಬೆಳಗ್ಗೆ ಹರಿದುಹೋಗಿರುತ್ತದೆ, ಆದರೆ ಲೋಹದ ಗುರುತು ಹೂಳಿನಲ್ಲಿ ಉಳಿದಿರುತ್ತದೆ.

ಹೆಜ್ಜೆ 4: ಕೊಳಚೆಯ ಜಮಾ-ಖರ್ಚು ಬರೆಯಿರಿ

ಸರಕಾರಿ ಲೆಕ್ಕದಲ್ಲಿ ನಗರದ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಕೊಳಚೆಯಾಗುತ್ತದೆ. 10,000 ಜನರಿರುವ ಕಿರು ಜಲಾನಯನದಿಂದ ದಿನಕ್ಕೆ 10.8 ಲಕ್ಷ ಲೀಟರ್ ಬರಬೇಕು. ಇದರಲ್ಲಿ ಒಳಚರಂಡಿಗೆ ಎಷ್ಟು ಹೋಗುತ್ತಿದೆ, ಕಾಲುವೆಗೆ ಎಷ್ಟು ಸೇರುತ್ತಿದೆ? ಎರಡನೇ ಹೆಜ್ಜೆಯ ಬಕೆಟ್ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಅಳತೆ ಈ ಅಂದಾಜಿಗಿಂತ ತುಂಬಾ ಜಾಸ್ತಿ ಬಂದರೆ ಎಲ್ಲೋ ದೊಡ್ಡ ಬೋರ್‌ವೆಲ್ಲು, ವಾಷಿಂಗ್ ಘಟಕ ಅಥವಾ ಪಕ್ಕದ ಜಲಾನಯನದಿಂದ ಬರುವ ಪೈಪು ಇದೆ ಎಂದರ್ಥ. ಹುಡುಕಿ.

ಹೆಜ್ಜೆ 5: ಕೊಳಚೆಯನ್ನು ಹುಟ್ಟಿದ ಕಡೆಯೇ ಹಿಡಿಯಿರಿ

ಅಸಲಿ ಕೆಲಸ ಇಲ್ಲಿದೆ. ದುಡ್ಡಿನ ಮುಕ್ಕಾಲು ಪಾಲು, ತಾಳ್ಮೆಯ ಪೂರ್ತಿ ಪಾಲು ಇಲ್ಲಿಗೇ ಬೇಕು.

ಕೊಳಚೆ ಕಾಲುವೆಗೆ ಯಾಕೆ ಬರುತ್ತದೆ? ಒಂದೊಂದು ಪೈಪಿನ ಹಿಂದೆ ಒಂದೊಂದು ಕಥೆ ಇರುತ್ತದೆ. ಕೆಲವು ಬೀದಿಗಳಿಗೆ ಒಳಚರಂಡಿಯೇ ಬಂದಿಲ್ಲ. ಕೆಲವು ಕಡೆ ಬಂದಿದೆ, ಆದರೆ ಮನೆ ತಗ್ಗಿನಲ್ಲಿದೆ, ನೀರು ಏರಿ ಹೋಗುವುದಿಲ್ಲ. ಕೆಲವರು ಸಂಪರ್ಕದ ಶುಲ್ಕ ಉಳಿಸಲು ಕಾಲುವೆಗೆ ಬಿಟ್ಟಿದ್ದಾರೆ. ಇನ್ನು ಕೆಲವು ಕಡೆ ತೊಂದರೆ ಉಲ್ಟಾ: ಮನೆಯ ತಾರಸಿ ನೀರನ್ನು ಒಳಚರಂಡಿಗೆ ಜೋಡಿಸಿದ್ದಾರೆ. ಮಳೆ ಬಂದರೆ ಪೈಪು ತಡೆಯಲಾರದೆ ಮ್ಯಾನ್‌ಹೋಲಿನಿಂದ ಉಕ್ಕಿ ಎಲ್ಲವೂ ಕಾಲುವೆಗೆ. ಬೆಂಗಳೂರಿನ ದೊಡ್ಡ ಒಳಚರಂಡಿ ಕೊಳವೆಗಳು ಓಟ ಸಿಗಲಿ ಎಂದು ಕಣಿವೆಯ ತಗ್ಗಿನಲ್ಲೇ, ರಾಜಕಾಲುವೆಯ ಮಗ್ಗುಲಲ್ಲೇ ಹೋಗುತ್ತವೆ. ಒಂದು ಒಡೆದರೆ ಸಾಕು, ನೇರ ಹೊಳೆಗೆ.

ಹಾಗಾಗಿ ನಿಮ್ಮ ಪೈಪು ಪಟ್ಟಿಯನ್ನು ಈ ಕಾರಣಗಳ ಪ್ರಕಾರ ವಿಂಗಡಿಸಿ. ಅನುಮಾನವಿದ್ದ ಮನೆಯಲ್ಲಿ, ಮನೆಯವರ ಒಪ್ಪಿಗೆ ಪಡೆದು, ಶೌಚಾಲಯದಲ್ಲಿ ಸ್ವಲ್ಪ ಬಣ್ಣ ಕರಗಿಸಿ ನೀರು ಬಿಡಿ. ಬಣ್ಣ ಮ್ಯಾನ್‌ಹೋಲಿನಲ್ಲಿ ಕಂಡರೆ ಸರಿ, ಕಾಲುವೆಯಲ್ಲಿ ಕಂಡರೆ ಕಳ್ಳ ಸಿಕ್ಕಿದ. ಆದರೆ ಮನೆಯವರನ್ನು ಕಳ್ಳರಂತೆ ನೋಡಬೇಡಿ. ಮನೆ ಕಟ್ಟಿಸಿದಾಗ ಮೇಸ್ತ್ರಿ ಎಲ್ಲಿಗೆ ಜೋಡಿಸಿದ ಎಂದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಸುಲಭದ ದಾರಿ ಎಂದು ಕೆಲವರು ಹೇಳುವುದು ಅಡ್ಡಗಟ್ಟಿ ತಿರುಗಿಸುವ ವಿಧಾನ. ಕಾಲುವೆಯ ಕೊನೆಯಲ್ಲಿ ಸಣ್ಣ ಒಡ್ಡು ಕಟ್ಟಿ, ಬಂದ ಕೊಳಚೆಯನ್ನೆಲ್ಲ ಪೈಪಿಗೆ ತಿರುಗಿಸುವುದು. ತುರ್ತಿಗೆ ಇದು ಸರಿ. ಕೆರೆಗೆ ತಕ್ಷಣ ಉಸಿರು ಬರುತ್ತದೆ. ಆದರೆ ಮಳೆ ಬಂದ ದಿನ ಒಡ್ಡು ದಾಟಿ ಎಲ್ಲವೂ ಕೆರೆಗೇ ಹೋಗುತ್ತದೆ. ಮನೆ ಮನೆಯ ಸಂಪರ್ಕ ಸರಿಪಡಿಸುವ ಕೆಲಸಕ್ಕೆ ಇದು ಬದಲಿಯಲ್ಲ. ಕೋರಮಂಗಲ ಕಣಿವೆಯ ಕೆ-100 ಕಾಲುವೆ ಕೆಲಸದಲ್ಲೂ ದಡದ ಅಂದ ಚೆಂದಕ್ಕೆ ಮುಂಚೆ ಆಗಬೇಕಾಗಿದ್ದು ಕಾಲುವೆಗೆ ಬೀಳುತ್ತಿದ್ದ ಪೈಪುಗಳನ್ನು ಬೇರ್ಪಡಿಸುವುದೇ.

ಹಿಡಿದ ಕೊಳಚೆ ಎಲ್ಲಿಗೆ ಹೋಗಬೇಕು? ನಾಯಂಡಹಳ್ಳಿ ಬಳಿಯ ವೃಷಭಾವತಿ ಕಣಿವೆಯ ಸಂಸ್ಕರಣಾ ಘಟಕ ದಿನಕ್ಕೆ 18 ಕೋಟಿ ಲೀಟರ್ ಸಾಮರ್ಥ್ಯದ್ದಾಗಿ ಬಹಳ ಕಾಲದಿಂದ ನಿಂತಿದೆ. ಘಟಕ ಎಷ್ಟೇ ದೊಡ್ಡದಿರಲಿ, ಅಲ್ಲಿಗೆ ಮುಟ್ಟದ ಕೊಳಚೆಯನ್ನು ಅದು ಶುದ್ಧ ಮಾಡಲಾರದು. ಹೊಸ ಘಟಕ ಬೇಕು ಎಂದು ಮನವಿ ಕೊಡುವ ಮುಂಚೆ ಹಳೆಯದಕ್ಕೆ ನಿಮ್ಮ ಬೀದಿಯ ನೀರು ಹೋಗುತ್ತಿದೆಯೇ ಎಂದು ಕೇಳಿ. ಪೈಪು ಎಳೆಯಲು ಆಗದ ತಗ್ಗಿನ ಜಾಗಗಳಿಗೆ ಮಾತ್ರ ಸಣ್ಣ ಘಟಕ ಕೇಳಿ. ಘಟಕ ಎಲ್ಲೇ ಇರಲಿ, ಹೊರಬರುವ ನೀರಿನ ಬಿಒಡಿ 10ರೊಳಗೆ ಇರಬೇಕು ಎಂದು ಪಟ್ಟು ಹಿಡಿಯಿರಿ. ರಂಜಕ, ಸಾರಜನಕ ಇಳಿಯುವಂತೆಯೂ ನೋಡಿಕೊಳ್ಳಿ. ಇವೆರಡು ಉಳಿದರೆ ಮುಂದಿನ ಕೆರೆಯಲ್ಲಿ ಅಂತರಗಂಗೆ ಎಂಬ ನೀರುಕಳೆ ಹೇಳುವವರು ಕೇಳುವವರು ಇಲ್ಲದಂತೆ ಬೆಳೆಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಒಂದು ಮಾತು. ನಿಮ್ಮ ಎಸ್‌ಟಿಪಿ, ಅಂದರೆ ಕಟ್ಟಡದ ಕೊಳಚೆ ಸಂಸ್ಕರಣಾ ಘಟಕ, ರಾತ್ರಿ ಓಡುತ್ತದೆಯೇ? ಕರೆಂಟ್ ಬಿಲ್ ಉಳಿಸಲು ಗಾಳಿ ಹಾಕುವ ಬ್ಲೋವರ್ ಆರಿಸಿದರೆ ಒಳಗಿನ ಸೂಕ್ಷ್ಮಜೀವಿಗಳು ಸಾಯುತ್ತವೆ. ಮುಂದಿನ ಸಭೆಯಲ್ಲಿ ಇದನ್ನು ಕೇಳಿ. ಬಹಳ ಕಡೆ ಈ ಪ್ರಶ್ನೆಯನ್ನು ಯಾರೂ ಕೇಳಿಯೇ ಇರುವುದಿಲ್ಲ.

ಹೆಜ್ಜೆ 6: ಕಾರ್ಖಾನೆ ನೀರನ್ನು ಕೊಳಚೆಯ ಜೊತೆ ಬೆರೆಸಲು ಬಿಡಬೇಡಿ

ವೃಷಭಾವತಿಯ ಕಣಿವೆಯಲ್ಲಿ ಪೀಣ್ಯದ ಒಂದು ಭಾಗವಿದೆ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ಕಡೆಯ ಸಣ್ಣ ಶೆಡ್ಡುಗಳಿವೆ. ಲೋಹಕ್ಕೆ ಲೇಪ ಹಾಕುವ ಘಟಕಗಳ ನೀರಿನಲ್ಲಿ ಕ್ರೋಮಿಯಂ, ನಿಕ್ಕಲ್, ಕೆಲವೊಮ್ಮೆ ಸಯನೈಡ್ ಇರುತ್ತದೆ. ಇದು ಒಳಚರಂಡಿಗೆ ಸೇರಿದರೆ ಸಂಸ್ಕರಣಾ ಘಟಕದಲ್ಲಿ ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೇ ಪೆಟ್ಟು. ಉಳಿದ ಕೆಸರು ಗೊಬ್ಬರಕ್ಕೂ ಬಾರದ ವಿಷವಾಗುತ್ತದೆ. ಮಲವನ್ನು ಭೂಮಿ ಜೀರ್ಣ ಮಾಡಿಕೊಳ್ಳುತ್ತದೆ. ಕ್ರೋಮಿಯಂ ಎಲ್ಲಿಗೂ ಹೋಗುವುದಿಲ್ಲ.

ಇಲ್ಲಿ ನಾಗರಿಕರ ಕೈಯಲ್ಲಿ ನೇರವಾಗಿ ಆಗುವುದು ಕಡಿಮೆ. ಶೆಡ್ಡಿನ ಬಾಗಿಲು ಬಡಿದು ಜಗಳಕ್ಕೆ ನಿಲ್ಲಬೇಡಿ. ನಿಮ್ಮ ಹೂಳಿನ ವರದಿ, ಬಣ್ಣದ ನೀರಿನ ಫೋಟೋ, ದಿನಾಂಕ, ಹೊತ್ತು, ಲೊಕೇಶನ್ ಸೇರಿಸಿ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಕೇಳಬೇಕಾದ್ದು ಎರಡು: ಪ್ರತಿ ಘಟಕ ತನ್ನ ನೀರನ್ನು ಎಲ್ಲಿಗೆ ಕಳಿಸುತ್ತದೆ ಎಂಬ ದಾಖಲೆ, ಮತ್ತು ಸಾಮೂಹಿಕ ಸಂಸ್ಕರಣಾ ಘಟಕಕ್ಕೆ ಹೋಗುವ ಟ್ಯಾಂಕರುಗಳ ಲೆಕ್ಕ. ಕಿರು ಘಟಕದವರಿಗೆ ಸ್ವಂತ ಪ್ಲಾಂಟ್ ಹಾಕಲು ಜಾಗವೂ ಇಲ್ಲ, ದುಡ್ಡೂ ಇಲ್ಲ. ಕೈಗೆಟುಕುವ ದರದಲ್ಲಿ ಸಾಮೂಹಿಕ ವ್ಯವಸ್ಥೆ ಇಲ್ಲದೆ ಬರೀ ಬೀಗ ಜಡಿದರೆ ಅದೇ ಕೆಲಸ ಇನ್ನೊಂದು ಗಲ್ಲಿಯಲ್ಲಿ ರಾತ್ರಿ ಶುರುವಾಗುತ್ತದೆ.

ಹೆಜ್ಜೆ 7: ಮಳೆಯನ್ನು ದಿಣ್ಣೆಯ ಮೇಲೇ ನಿಲ್ಲಿಸಿ

ಈಗ ಮತ್ತೆ ಮೇಲಕ್ಕೆ ಹೋಗೋಣ. ಹಳೆಯ ವೃಷಭಾವತಿ ಬೇಸಿಗೆಯಲ್ಲೂ ಹರಿಯುತ್ತಿದ್ದುದು ನೆಲದೊಳಗೆ ಇಂಗಿದ ಮಳೆ ನಿಧಾನವಾಗಿ ಒಸರುತ್ತಿದ್ದುದರಿಂದ. ಈಗ ನೆಲಕ್ಕೆ ಸಿಮೆಂಟಿನ ಮುಚ್ಚಳ ಹಾಕಿದ್ದೇವೆ. ಮಳೆ ಅರ್ಧ ಗಂಟೆಯಲ್ಲಿ ಕಾಲುವೆಗೆ ನುಗ್ಗುತ್ತದೆ, ತಗ್ಗಿನ ಮನೆಗಳು ಮುಳುಗುತ್ತವೆ, ಎರಡು ದಿನಕ್ಕೆ ಮತ್ತೆ ಬರೀ ಕೊಳಚೆ.

ಲೆಕ್ಕ ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30x40 ಸೈಟು ಸುಮಾರು 111 ಚದರ ಮೀಟರ್. ಬೆಂಗಳೂರಿನ ಮಳೆ ವರ್ಷಕ್ಕೆ 900ರಿಂದ 1,000 ಮಿ.ಮೀ. ಆಸುಪಾಸು. ಅಂದರೆ ಒಂದು ಸೈಟಿನ ಮೇಲೆ ವರ್ಷಕ್ಕೆ ಸುಮಾರು ಒಂದು ಲಕ್ಷ ಲೀಟರ್ ಬೀಳುತ್ತದೆ. ನೂರು ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಮೇಲೆತ್ತಿ ಕಾವೇರಿ ತರಿಸುವ ಊರು ನಮ್ಮದು. ತಲೆಯ ಮೇಲೆ ಬಿದ್ದ ನೀರನ್ನು ಮೋರಿಗೆ ಬಿಡುತ್ತೇವೆ. ಮಳೆಕೊಯ್ಲು 2009ರಿಂದಲೇ ಇಲ್ಲಿ ಕಡ್ಡಾಯ. ಆಗ ಹಳೆಯ ಮನೆಗೆ 60x40 ಸೈಟಿನಿಂದ, ಹೊಸದಕ್ಕೆ 30x40ರಿಂದ ನಿಯಮ ಶುರುವಾಯಿತು. ದಂಡ ಕಟ್ಟಿ ಸುಮ್ನೆ ಇರುವವರು ಇವತ್ತಿಗೂ ಇದ್ದಾರೆ.

ಮೊದಲ ಮಳೆಯ ಕೊಳೆನೀರು ಬಿಟ್ಟು, ಸೋಸಿ, ಸಂಪಿಗೆ ತುಂಬಿಕೊಳ್ಳಿ. ಮಿಕ್ಕಿದ್ದನ್ನು ಇಂಗುಬಾವಿಗೆ ಬಿಡಿ. ಮೂರು ಅಡಿ ಅಗಲ, ಇಪ್ಪತ್ತು ಮೂವತ್ತು ಅಡಿ ಆಳ, ಸಿಮೆಂಟ್ ರಿಂಗ್, ತಳಕ್ಕೆ ಕಾಂಕ್ರೀಟ್ ಇಲ್ಲ. ಇದನ್ನು ತೋಡುವ ಕೈಗಳು ಬೆಂಗಳೂರಿನ ಸುತ್ತಲೇ ಇವೆ. ಮಣ್ಣು ಒಡ್ಡರು ತಲೆಮಾರುಗಳಿಂದ ಬಾವಿ ತೋಡಿದವರು. ಮಣ್ಣು ಮುಟ್ಟಿ ನೋಡಿ ಎಲ್ಲಿ ಇಂಗುತ್ತದೆ, ಎಲ್ಲಿ ಇಲ್ಲ ಎಂದು ಹೇಳುತ್ತಾರೆ. ಅವರನ್ನೇ ಕರೆಸಿ, ಅವರ ಮಾತು ಕೇಳಿ. ಒಂದೇ ಎಚ್ಚರಿಕೆ: ರಸ್ತೆಯ ನೀರನ್ನು, ಕಾಲುವೆಯ ನೀರನ್ನು ಯಾವ ಕಾರಣಕ್ಕೂ ಇಂಗುಬಾವಿಗೆ ಅಥವಾ ಬತ್ತಿದ ಬೋರ್‌ವೆಲ್ಲಿಗೆ ನೇರ ಬಿಡಬೇಡಿ. ಹಾಗೆ ಮಾಡಿದರೆ ಹೊಳೆಯ ರೋಗವನ್ನು ಅಂತರ್ಜಲಕ್ಕೆ ಅಂಟಿಸಿದಂತೆ.

ಮನೆಗಳಾದ ಮೇಲೆ ಉದ್ಯಾನ, ಶಾಲೆ ಮೈದಾನ, ಕಾಲೇಜು ಆವರಣ. ಈ ಕಣಿವೆಯ ದೊಡ್ಡ ಭಾಗ್ಯ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ. ಅಷ್ಟು ಹಸಿರು, ಅಷ್ಟು ಬಿಚ್ಚು ನೆಲ ಇರುವ ಇಂಥ ಜಾಗಗಳ ಒಂದೊಂದು ಎಕರೆಯೂ ನದಿಗೆ ಬೇಕು.

ಹೆಜ್ಜೆ 8: ಕೆರೆ ಸರಪಳಿಯನ್ನು ಜೋಡಿಸಿ, ಆದರೆ ಹೂಳಿಗೆ ಅವಸರ ಮಾಡಬೇಡಿ

ಕೆಂಪಾಂಬುಧಿ, ಹೊಸಕೆರೆಹಳ್ಳಿ, ಮಲ್ಲತ್ತಹಳ್ಳಿ, ಉಲ್ಲಾಳ, ದುಬಾಸಿಪಾಳ್ಯ, ಕೆಂಗೇರಿ. ಇವೆಲ್ಲ ಈ ನದಿಯ ಕೆರೆಗಳು. ಮೇಲಿನ ಕೆರೆಯ ಕೋಡಿ ಬಿದ್ದರೆ ಕೆಳಗಿನದು ತುಂಬಬೇಕು. ನೀರು ಹಂಚುವುದು ಹಿಂದೆ ನೀರುಗಂಟಿಯ ಜವಾಬ್ದಾರಿಯಾಗಿತ್ತು. ಈಗ ಆ ಹುದ್ದೆ ಇಲ್ಲ, ಆದರೆ ಕೆಲಸ ಇದೆ. ತೂಬು, ಕೋಡಿ, ಪೋಷಕ ಕಾಲುವೆಗಳನ್ನು ಮಳೆಗೆ ಮುಂಚೆ ಯಾರಾದರೂ ನೋಡಲೇಬೇಕು. ನಿಮ್ಮ ತಂಡದಲ್ಲಿ ಇಬ್ಬರಿಗೆ ಇದನ್ನೇ ವಹಿಸಿ.

ಕೊಳಚೆ ನಿಲ್ಲಿಸದೆ ಹೂಳೆತ್ತುವುದು ದುಡ್ಡನ್ನು ನೀರಿಗೆ ಹಾಕಿದಂತೆ. ಇದನ್ನು ಕಣ್ಣಾರೆ ನೋಡಿದ್ದೇನೆ. ಕೆರೆ ಬತ್ತಿಸಿ, ಲಾರಿಗಟ್ಟಲೆ ಹೂಳು ತೆಗೆದು, ಕಲ್ಲು ಕಟ್ಟಿ, ದೀಪ ಹಾಕಿ, ಉದ್ಘಾಟನೆ ಮಾಡಿದರು. ಪೋಷಕ ಕಾಲುವೆಯ ಪೈಪುಗಳನ್ನು ಯಾರೂ ಮುಟ್ಟಲಿಲ್ಲ. ಮತ್ತೆ ಅಂತರಗಂಗೆ, ಮತ್ತೆ ಸತ್ತ ಮೀನು. ಹೂಳೆತ್ತುವ ಮುಂಚೆ ಅದರಲ್ಲಿ ಲೋಹ ಎಷ್ಟಿದೆ ಎಂದು ಪರೀಕ್ಷಿಸಿ. ವಿಷದ ಹೂಳನ್ನು ‘ಫಲವತ್ತಾದ ಗೋಡು’ ಎಂದು ರೈತರಿಗೆ ಕೊಡುವುದು ಮಹಾ ತಪ್ಪು.

ಕೆರೆಯನ್ನು ಸೂಪಿನ ಬಟ್ಟಲಿನಂತೆ ಕಡಿದಾಗಿ ಕೆರೆಯಬೇಡಿ. ನೀರು ಒಳಬರುವ ಕಡೆ ಆಳವಿಲ್ಲದ ಜೌಗು ಬಿಡಿ. ಮೊದಲು ಹೂಳು ತಂಗುವ ಗುಂಡಿ, ಆಮೇಲೆ ಜೊಂಡು, ಕಾಬಾಳೆ, ಲಾವಂಚದಂಥ ಗಿಡಗಳ ನಡುವೆ ನಿಧಾನವಾಗಿ ಹಾಯುವ ನೀರು, ಆಮೇಲೆ ಕೆರೆ. ನಗರದ ಉತ್ತರದಲ್ಲಿರುವ ಜಕ್ಕೂರು ಕೆರೆಯಲ್ಲಿ ಇದೇ ಜೋಡಣೆ ಇದೆ: ಸಂಸ್ಕರಣಾ ಘಟಕದ ನೀರು ಜೌಗಿನ ಮೂಲಕ ಕೆರೆಗೆ ಹೋಗುತ್ತದೆ. ಹೋಗಿ ನೋಡಿ ಬನ್ನಿ, ಒಂದು ಬೆಳಗ್ಗೆ ಸಾಕು. ಆದರೆ ಜೌಗು ಎನ್ನುವುದು ಮಂತ್ರದಂಡವಲ್ಲ. ಸಂಸ್ಕರಿಸಿದ ನೀರನ್ನು ಅದು ಇನ್ನಷ್ಟು ತಿಳಿ ಮಾಡುತ್ತದೆ, ಹಸಿ ಕೊಳಚೆಯನ್ನು ತಡೆದುಕೊಳ್ಳುವುದಿಲ್ಲ. ಗಿಡಗಳನ್ನು ಆಗಾಗ ಕೊಯ್ದು ಹೊರಗೆ ಹಾಕದಿದ್ದರೆ ಹೀರಿದ್ದೆಲ್ಲ ಕೊಳೆತು ಮತ್ತೆ ನೀರಿಗೇ ಸೇರುತ್ತದೆ.

ಹೆಜ್ಜೆ 9: ದಡಕ್ಕೆ ಜಾಗ ಕೊಡಿ

ಎರಡೂ ಬದಿ ಗೋಡೆ, ತಳಕ್ಕೂ ಕಾಂಕ್ರೀಟ್ ಹಾಕಿದರೆ ಹೊಳೆ ಗಟಾರವಾಗುತ್ತದೆ. ಗೋಡೆ ಅನಿವಾರ್ಯವಾದ ಕಡೆಯೂ ತಳವನ್ನಾದರೂ ಮಣ್ಣು ಕಲ್ಲಿಗೆ ಬಿಡಿ ಎಂದು ಕೇಳಿ. ದಡ ಸಿಕ್ಕಿದರೆ ಹೊಳೆಮತ್ತಿ, ಹೊಂಗೆ, ನೇರಳೆ, ಅತ್ತಿ, ಬಿದಿರು ಹಾಕಿ. ನೀರಂಚಿಗೆ ಲಕ್ಕಿ, ಲಾವಂಚ. ಹುಲ್ಲುಹಾಸು ಬೇಡ.

ಕಾಲುವೆಯ ಪಕ್ಕ ಏನೂ ಕಟ್ಟದೆ ಬಿಡಬೇಕಾದ ಮೀಸಲು ಜಾಗದ ವಿಷಯ ಸ್ವಲ್ಪ ಗೋಜಲು. 2015ರ ಪರಿಷ್ಕೃತ ಮಾಸ್ಟರ್ ಪ್ಲಾನ್‌ನಲ್ಲಿ ರಾಜಕಾಲುವೆಗಳಿಗೆ ಗಾತ್ರಕ್ಕೆ ತಕ್ಕಂತೆ 50, 25, 15 ಮೀಟರ್ ಎಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 50, 35, 25ಕ್ಕೆ ಏರಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ರದ್ದು ಮಾಡಿತು. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ನೋಡಿಕೊಂಡೇ ಹಾಕಿ.

ಒತ್ತುವರಿ ತೆರವು ಎಂದಾಗ ಮೊದಲು ಒಡೆಯುವುದು ಬಡವರ ಶೀಟ್ ಮನೆ. ದಡದಲ್ಲಿ ಬೇರೆ ದಾರಿಯಿಲ್ಲದೆ ಬದುಕುವವರಿಗೆ ಹತ್ತಿರದಲ್ಲೇ ಮನೆ ಕೊಟ್ಟ ಮೇಲೆ ಮಾತ್ರ ತೆರವು ಎನ್ನುವುದು ನಿಮ್ಮ ಮನವಿಯ ಮೊದಲ ಸಾಲಾಗಿರಲಿ. ಇದರಲ್ಲಿ ನನಗೆ ರಾಜಿಯಿಲ್ಲ.

ನದಿ ಉಳಿಸುವುದು ಎಂದರೆ ವಾಕಿಂಗ್ ಪಾತ್ ಎಂದುಕೊಂಡವರಿಗೂ ಒಂದು ಮಾತು. ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ ತುಂಬಿ ನಿಂತಿರುವುದು ನರ್ಮದಾ ಕಾಲುವೆಯ ನೀರು. ಸಿಯೋಲ್ ನಗರದವರು 2005ರಲ್ಲಿ ತೆರೆದ ಚೊಂಗ್ಯೆಚೊನ್ ತೊರೆಗೂ ನೀರನ್ನು ಪಂಪ್ ಮಾಡಿಯೇ ಹರಿಸುತ್ತಾರೆ. ನೋಡಲು ಚೆಂದ. ಆದರೆ ನಮಗೆ ಹಾಗೆ ತರಲು ಇನ್ನೊಂದು ನದಿ ಎಲ್ಲಿದೆ?

ಹೆಜ್ಜೆ 10: ಕೆಳಗಿನ ಊರಿನವರನ್ನು ಮೊದಲ ದಿನವೇ ಕರೆಯಿರಿ

ಇವತ್ತು ಬೇಸಿಗೆಯಲ್ಲಿ ವೃಷಭಾವತಿಯಲ್ಲಿ ಹರಿಯುವುದು ಬಹುಪಾಲು ನಾವು ಬಳಸಿ ಬಿಟ್ಟ ಕಾವೇರಿ ನೀರು ಮತ್ತು ಬೋರ್‌ವೆಲ್ ನೀರು. ಕೊಳಚೆಯನ್ನೆಲ್ಲ ಪೈಪಿನಲ್ಲಿ ಬೇರೆ ಕಡೆ ಒಯ್ದರೆ ಹೊಳೆ ಏಪ್ರಿಲ್‌ನಲ್ಲಿ ಒಣಗುತ್ತದೆ. ಬೈರಮಂಗಲದ ಅಚ್ಚುಕಟ್ಟಿನ ರೈತರು ಈ ನೀರಿನಿಂದಲೇ ನೇಪಿಯರ್ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ ಬೆಳೆಯುತ್ತಿದ್ದಾರೆ. ನಮ್ಮ ಕೊಳಕಿನ ಭಾರ ಹೊತ್ತವರು ಅವರು. ಅವರ ಬಾವಿ ಕೆಟ್ಟಿದೆ, ಬೆಳೆ ಬದಲಾಗಿದೆ. ಈಗ ‘ನದಿ ಶುದ್ಧ ಮಾಡಿದೆವು’ ಎಂದು ನೀರನ್ನೂ ಕಿತ್ತುಕೊಂಡರೆ ಅದಕ್ಕಿಂತ ಅನ್ಯಾಯ ಇಲ್ಲ.

ಆದ್ದರಿಂದ ಸಂಸ್ಕರಿಸಿದ ನೀರಲ್ಲಿ ಇಂತಿಷ್ಟು ಪಾಲು ಹೊಳೆಗೇ ವಾಪಸ್ ಎಂದು ಯೋಜನೆಯಲ್ಲೇ ಬರೆಸಿ. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿದಾಗ ಏನಾಯಿತು ನೆನಪಿಸಿಕೊಳ್ಳಿ. ಬತ್ತಿದ ಕೆರೆಗಳಿಗೆ ನೀರು ಬಂತೆಂದು ಸಂಭ್ರಮ. ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರ ಕೆರೆಯ ಬಳಿ ನೊರೆ ಕಂಡು ಆತಂಕ, ಕೋರ್ಟು. ನೀರು ಕೊಡುವುದಷ್ಟೇ ಅಲ್ಲ, ಪ್ರತಿ ತಿಂಗಳ ಪರೀಕ್ಷಾ ವರದಿಯನ್ನು ಆ ಊರಿನ ಪಂಚಾಯಿತಿ ಗೋಡೆಗೆ ಕನ್ನಡದಲ್ಲಿ ಅಂಟಿಸಬೇಕು. ಲೋಹದ ಅಂಶ ಇಳಿಯುವವರೆಗೆ ಸೊಪ್ಪು, ಗೆಡ್ಡೆಗಳಿಗೆ ಈ ನೀರು ಬೇಡ.

ಹೆಜ್ಜೆ 11: ಯಾರ ಬಾಗಿಲು, ಯಾವಾಗ

ಒಳಚರಂಡಿ ಜಲಮಂಡಳಿಯದ್ದು. ಮಳೆನೀರು ಕಾಲುವೆ, ಕಸ ಪಾಲಿಕೆಯದ್ದು. ಕಾರ್ಖಾನೆ ಮಾಲಿನ್ಯ ನಿಯಂತ್ರಣ ಮಂಡಳಿಯದ್ದು. ಒತ್ತುವರಿ ಸರ್ವೆ ಕಂದಾಯ ಇಲಾಖೆಯದ್ದು. ಒಂದೇ ಪೈಪಿನ ಮುಂದೆ ನಿಂತು ನಾಲ್ವರೂ ‘ನಮ್ಮದಲ್ಲ’ ಎನ್ನುವುದನ್ನು ಕೇಳಿದ್ದೇನೆ. ಅದಕ್ಕೆ ಒಂದೊಂದೇ ಕಚೇರಿಗೆ ಅಲೆಯಬೇಡಿ. ನಂಬರು ಹಾಕಿದ ಪೈಪು ಪಟ್ಟಿ ಹಿಡಿದು, ಎಲ್ಲರನ್ನೂ ಒಂದೇ ಬೆಳಗ್ಗೆ ಕಾಲುವೆ ದಡಕ್ಕೆ ಜಂಟಿ ತಪಾಸಣೆಗೆ ಕರೆಸಿ. ಪ್ರತಿ ನಂಬರಿನ ಎದುರು ಯಾರ ಹೊಣೆ, ಯಾವ ದಿನಾಂಕದೊಳಗೆ ಎಂದು ಬರೆಸಿ ಸಹಿ ಹಾಕಿಸಿ. ದಿನಾಂಕ ದಾಟಿದರೆ ಮಾಹಿತಿ ಹಕ್ಕು ಅರ್ಜಿ. ಅದಕ್ಕೂ ಜಗ್ಗದಿದ್ದರೆ ಲೋಕಾಯುಕ್ತ, ಹಸಿರು ನ್ಯಾಯಮಂಡಳಿ. ಕೋರ್ಟಿಗೆ ಹೋದಾಗ ನಿಮ್ಮ ಕೈಯಲ್ಲಿರುವ ಬಕೆಟ್ ಲೆಕ್ಕದ ನೋಟ್‌ಬುಕ್ಕೇ ದೊಡ್ಡ ಬಲ.

ಕಾಲದ ಅಂದಾಜು ಕೇಳಿದರೆ ನಾನು ಹೀಗೆ ಹೇಳುತ್ತೇನೆ. ಮೊದಲ ವರ್ಷ ನಕ್ಷೆ, ಪೈಪು ಪಟ್ಟಿ, ಪರೀಕ್ಷೆ, ಕೆಲವು ಸಂಪರ್ಕ ಸರಿಪಡಿಸುವುದು. ಎರಡು, ಮೂರನೇ ವರ್ಷ ಉಳಿದ ಕೊಳಚೆ, ಜೊತೆಗೆ ಇಂಗುಬಾವಿಗಳು. ಕೆರೆ, ಜೌಗು, ದಡ ಆಮೇಲೆ. ಒಂದು ಕಿರು ಜಲಾನಯನಕ್ಕೇ ಐದು ವರ್ಷ ಇಟ್ಟುಕೊಳ್ಳಿ.

ಸುಧಾರಿಸುತ್ತಿದೆ ಎಂದು ಗೊತ್ತಾಗುವುದು ಹೇಗೆ? ಮೊದಲು ವಾಸನೆ ಹೋಗುತ್ತದೆ. ಕಪ್ಪು ನೀರು ಬೂದಾಗುತ್ತದೆ, ಬೂದು ತಿಳಿಯಾಗುತ್ತದೆ. ಆಮೇಲೆ ನೀರಂಚಿನಲ್ಲಿ ಕೊಡತಿ ಹುಳ ಹಾರಾಡುತ್ತವೆ, ಕಲ್ಲಿಗೆ ಬಸವನ ಹುಳು ಅಂಟಿರುತ್ತವೆ. ಸಣ್ಣ ಮೀನು ಕಂಡ ದಿನ ಡಿಒ ಮೀಟರ್ ತೆಗೆದು ನೋಡಿ, ಸಂಖ್ಯೆಯೂ ಬದಲಾಗಿರುತ್ತದೆ. ಮುಂದಿನ ಜನವರಿಯಲ್ಲಿ ಮತ್ತೆ ಅದೇ ಐದು ಜಾಗಕ್ಕೆ, ಅದೇ ಹೊತ್ತಿಗೆ, ಅದೇ ಬಕೆಟ್ ಹಿಡಿದು ಹೋಗಿ. ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಪೈಪಿನ ನಂಬರಿನ ಮುಂದೆ ಹೊಸ ಸಂಖ್ಯೆ ಬರೆಯಿರಿ.